ಸದ್ದಿಲ್ಲದ ಬಾಗಿಲು

ಆಸ್ಪತ್ರೆಯ ನೆಲ ಒರೆಸುತ್ತಿದ್ದ ಆಯಾ, ಬೆಂಚಿನ ಮೇಲಿದ್ದ ಅತ್ತಿಗೆ ನಾದಿನಿಯರ ಮಾತು ಕಿವಿಗೆ ಬಿದ್ದು ಕೈ ನಿಧಾನ ಮಾಡಿದಳು.

“ಅಪ್ಪನ ಹಿಮ್ಮಡಿಯ ಬಿರುಕೆಲ್ಲ ಮಾಯ್ದಿದೆ. ನಾನು ಕೊಟ್ಟ ಪೆಟ್ರೋಲಿಯಂ ಜೆಲ್ಲಿ ದಿನಾ ಹಚ್ತಿದ್ರಾ ಅತ್ತಿಗೆ?”

“ಹಚ್ತಿದ್ದೆ. ಬಾಗಿಲಿಗೂ ಹಚ್ಚಿದೆ.”

“ಬಾಗಿಲಿಗೂ ಹಿಮ್ಮಡಿ ಒಡೆದಿತ್ತಾ?”

“ನಗಬೇಡ ಕಣೇ. ಮಾವ ರಾತ್ರಿ ಎದ್ದಾಗೆಲ್ಲ ಅವರ ಕೋಣೆ ಬಾಗಿಲು ಕಿರ್ ಅಂತಿತ್ತು. ನನಗೆ ನಿದ್ದೇನೇ ಇರ್ಲಿಲ್ಲ. ಅದಕ್ಕೇ ಕೀಲುಗಳಿಗೆ ಮೆತ್ತಿದೆ.”

“ಅದ್ರಲ್ಲೇನು ತಪ್ಪು?”

“ಆ ಸದ್ದು ಕೇಳಿಯೇ ನಾನೆದ್ದು ಅವರ ಕೈ ಹಿಡೀತಿದ್ದೆ. ನಿನ್ನೆ ಸದ್ದೇ ಬರಲಿಲ್ಲ. ಬೆಳಿಗ್ಗೆ ನೋಡಿದ್ರೆ ಬಚ್ಚಲ ಮುಂದೆ ಬಿದ್ದಿದ್ರು.”

ನಾದಿನಿ ಅತ್ತಿಗೆಯ ಪಕ್ಕಕ್ಕೆ ಸರಿದು ಕೂತಳು.

ನರ್ಸ್ ಇಣುಕಿದಳು. “ಸೊಸೆ ಯಾರಮ್ಮ? ಅವಳು ಕೈ ಹಿಡಿದ್ರೇ ಏಳೋದು ಅಂತ ತಾತ ಹಟ ಮಾಡ್ತಿದ್ದಾರೆ.”

ಅತ್ತಿಗೆ, ಒಣಗಿದ್ದ ಅಂಗೈಗಳನ್ನೇ ಬಟ್ಟೆಗೆ ಮತ್ತೆ ಮತ್ತೆ ಒರೆಸಿಕೊಳ್ಳುತ್ತ ಒಳಗೆ ಹೋದಳು.