ಸೀಟು ನನ್ನದು, ಸೀಟಿ ಅವರದು

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಹಿರಿಯರೇ, ಇಂದಿನ ಸನ್ಮಾನಿತರೂ ನನ್ನ ಬೀಗರೂ ಆದ ಡ್ರಿಲ್ ಮಾಸ್ತರರೇ, ಹೊರಗೆ ಗಾಡಿಗಳನ್ನು ಅಡ್ಡಾದಿಡ್ಡಿ ನಿಲ್ಲಿಸಿ ಬಂದು ಒಳಗೆ ಮಾತ್ರ ಶಿಸ್ತಾಗಿ ಸಾಲು ಹಿಡಿದು ಕುಳಿತಿರುವ ನಮ್ಮ ಮನೆಗಾಡಿ ಬಳಗದ ಸಭಿಕರೇ,

ಗಾಡಿಯಲ್ಲೇ ಒಲೆ, ಗಾಡಿಯಲ್ಲೇ ಹಾಸಿಗೆ ಇಟ್ಟುಕೊಂಡು ಊರೂರು ತಿರುಗುವ ನಾವು, ಮಕ್ಕಳನ್ನು ಅತ್ಯಂತ ಜೋಪಾನವಾಗಿ ಕರೆದೊಯ್ಯುವ ಸದಸ್ಯರೊಬ್ಬರನ್ನು ಪ್ರತಿ ವರ್ಷ ಸನ್ಮಾನಿಸುತ್ತೇವೆ. ಈ ವರ್ಷ ಬಳಗದವರು ನಮ್ಮ ಬೀಗರನ್ನು ಆರಿಸಿದ್ದಾರೆ. ಸಂತೋಷ. ಅವರನ್ನು ಹೊಗಳಿ ನಾಲ್ಕು ಮಾತಾಡಲು ನನ್ನನ್ನು ಆರಿಸಿದ್ದಾರೆ. ಬಳಗದಲ್ಲಿ ಬೇರೆ ಬಾಯಿಗಳೇ ಇರಲಿಲ್ಲವೇ ಎಂದು ಕಾರ್ಯದರ್ಶಿಗಳನ್ನು ಕೇಳಿದೆ. 'ನೀವಾದ್ರೆ ಅವರನ್ನ ಹತ್ತಿರದಿಂದ ನೋಡಿದೀರಿ ಸಾರ್' ಎಂದರು. ನಿಜ, ಹತ್ತಿರದಿಂದ ನೋಡಿದ್ದೇನೆ. ಕಷ್ಟ ಇರುವುದೇ ಅಲ್ಲಿ.

ಬೆಳಿಗ್ಗೆ ಶರ್ಟಿಗೆ ಇಸ್ತ್ರಿ ಹಾಕಿ ಕೊಡುತ್ತಾ ನನ್ನ ಹೆಂಡತಿ, 'ನೋಡಿ, ಹೊಗಳೋಕೆ ಅಂತ ಹೋಗ್ತಿದೀರಿ, ಹೊಟ್ಟೆಕಿಚ್ಚು ಕಾರ್ಕೊಂಡು ಬರಬೇಡಿ' ಎಂದಳು. ಸಭಿಕರೇ, ಹೊಟ್ಟೆಕಿಚ್ಚೇ? ನನಗೇ? ಅದೂ ಹೆಣ್ಣು ಕೊಟ್ಟ ಮನೆಯವರ ಮೇಲೆ? ಇದೆ. ಬಚ್ಚಿಟ್ಟುಕೊಂಡು ಏನಾಗಬೇಕಾಗಿದೆ.

ನಮ್ಮನ್ನು ಅರಿಯದವರಿಗಾಗಿ ಒಂದೆರಡು ಮಾತು ಹೇಳುತ್ತೇನೆ. ನಾನು ಸೋಫಾ ಅಂಗಡಿ ಇಟ್ಟು ಬದುಕಿದವನು. ಬಂದವರನ್ನು ಮೊದಲು ಕೂರಿಸುವುದು, ಆಮೇಲೆ ಮಾತು, ಇದು ನನ್ನ ವ್ಯಾಪಾರ. ನಮ್ಮ ಬೀಗರು ಶಾಲೆಯಲ್ಲಿ ಡ್ರಿಲ್ ಮಾಸ್ತರರಾಗಿದ್ದವರು. ಕುಳಿತವರನ್ನು ಎಬ್ಬಿಸುವುದೇ ಅವರ ಕೆಲಸ. ನಿವೃತ್ತಿಯಾದರೂ ಕೊರಳಿಂದ ಸೀಟಿ ಇಳಿದಿಲ್ಲ, ನೋಡಿ, ಈಗಲೂ ಇದೆ. ನನ್ನ ಮಗಳನ್ನು ಅವರ ಮಗನಿಗೆ ಕೊಟ್ಟಿದ್ದೇವೆ. ಅವರಿಬ್ಬರ ನಡುವೆ ಮೊದಲ ಸಾಲಿನಲ್ಲಿ ಕಾಲು ಆಡಿಸುತ್ತಾ ಕುಳಿತಿರುವವಳು ನಾಲ್ಕು ವರ್ಷದ ನಮ್ಮ ಗುಬ್ಬಿ. ಅವಳಿಗೆ ನಾನು ಸೋಫಾ ತಾತ, ಅವರು ಸೀಟಿ ತಾತ. ಇಬ್ಬರು ತಾತಂದಿರಿಗೆ ಒಬ್ಬಳೇ ಮೊಮ್ಮಗಳು. ನ್ಯಾಯವಾಗಿ ಅರ್ಧರ್ಧ ಬರಬೇಕು. ನನ್ನ ಪಾಲಿಗೆ ಅರ್ಧ ಬಂದಿಲ್ಲ ಎಂಬುದೇ ನನ್ನ ತಕರಾರು.

ಮನೆಗಾಡಿಯನ್ನು ಮೊದಲು ಕೊಂಡವರು ಅವರು. ಆ ಗಾಡಿಯನ್ನು ನೀವೆಲ್ಲ ಬಲ್ಲಿರಿ. ನಿಂತರೆ ತಲೆ ತಗಲುತ್ತದೆ, ಕುಳಿತರೆ ಮೊಣಕಾಲು ತಗಲುತ್ತದೆ. ಒಲೆ ತನಗೆ ಮನಸ್ಸು ಬಂದಾಗ ಉರಿಯುತ್ತದೆ. ಅಂಥ ಡಬ್ಬಿಯೊಳಗೆ ಕೂರಿಸಿಕೊಂಡು ಗುಬ್ಬಿಯನ್ನು ರಜೆಗೆಲ್ಲ ಸುತ್ತಿಸಿ ತರುತ್ತಿದ್ದರು. ಹೋಗಿಬಂದ ಮೇಲೆ ಒಂದು ತಿಂಗಳು ಅವಳ ಬಾಯಲ್ಲಿ ಸೀಟಿ ತಾತ, ಸೀಟಿ ತಾತ. ನನಗೆ ತಡೆಯಲಾಗಲಿಲ್ಲ. ನಾನೂ ಗಾಡಿ ಕೊಂಡೆ. ಅವರದಕ್ಕಿಂತ ಉದ್ದ, ಅವರದಕ್ಕಿಂತ ಎತ್ತರ. ಕೊಳ್ಳುವಾಗ ಎಂಜಿನ್ ನೋಡಲಿಲ್ಲ, ಬ್ರೇಕ್ ನೋಡಲಿಲ್ಲ. ಒಳಗೆ ಗೋಡೆಯುದ್ದಕ್ಕೂ ಒಂದು ಸೋಫಾ ಇತ್ತು, ಅದನ್ನು ಅಂಗೈಯಿಂದ ಒತ್ತಿ ನೋಡಿದೆ. ಎಂಥ ಮೆತ್ತೆ ಅಂತೀರಿ. ಗುಬ್ಬಿ ಇದರ ಮೇಲೆ ಬಿದ್ದು ಹೊರಳಾಡಿದರೆ ಆ ಡಬ್ಬಿಗಾಡಿಯ ಕಡೆ ಮತ್ತೆ ತಿರುಗಿ ನೋಡುವುದಿಲ್ಲ ಎಂದುಕೊಂಡೆ.

ಹೋದ ರಜೆಯಲ್ಲಿ ಎರಡೂ ಗಾಡಿ ಒಟ್ಟಿಗೆ ಹೊರಟವು. ಗುಬ್ಬಿ ಓಡಿ ಬಂದು ನನ್ನ ಸೋಫಾ ಹತ್ತಿ ಕುಣಿದಳು. 'ನಾನು ಇಲ್ಲೇ' ಎಂದಳು. ನಾನು ಬೀಗರ ಮುಖ ನೋಡಿದೆ. ಬೇಕೆಂದೇ ನೋಡಿದೆ. ಅವರು ಒಳಗೆ ಬಂದು ಸೋಫಾವನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿ ಕೇಳಿದರು, 'ಬೀಗರೇ, ಗಾಡಿ ಹೊರಟಾಗ ಮಗು ಎಲ್ಲಿ ಕೂರುತ್ತೆ?'

'ಇಲ್ಲೇ, ಸೋಫಾ ಮೇಲೆ.'

'ಬೆಲ್ಟು?'

'ಬೆಲ್ಟ್ ಯಾಕೆ? ಪಕ್ಕದಲ್ಲಿ ಅಜ್ಜಿ ಇರ್ತಾಳಲ್ಲ, ಹಿಡ್ಕೋತಾಳೆ.'

'ಅಜ್ಜೀನ ಯಾರು ಹಿಡ್ಕೋತಾರೆ?'

ನೀವು ನಗುತ್ತೀರಿ. ಅವತ್ತೂ ಎಲ್ಲರೂ ನಕ್ಕರು, ನನ್ನ ಹೆಂಡತಿಯೇ ಮೊದಲು ನಕ್ಕಳು. ಆಮೇಲೆ ಮಾಸ್ತರರು ಪಾಠ ಶುರು ಮಾಡಿದರು. ಸೋಫಾ ಪಕ್ಕಕ್ಕೆ ಮುಖ ಮಾಡಿದೆ, ಮಗುವಿನ ಸೀಟನ್ನು, ಅಂದರೆ ಭುಜಕ್ಕೆ ಪಟ್ಟಿ ಇರುವ ಆ ಪುಟ್ಟ ಕುರ್ಚಿಯನ್ನು, ಪಕ್ಕಕ್ಕೆ ಮುಖ ಮಾಡಿ ಕೂರಿಸುವ ಹಾಗೇ ಇಲ್ಲ. ಸೋಫಾ ನಿಂತಿರುವುದು ಪ್ಲೈವುಡ್ಡಿನ ಮೇಲೆ, ನಾಲ್ಕು ಸ್ಕ್ರೂ ನಂಬಿಕೊಂಡು. ಮಗುವಿನ ಸೀಟನ್ನು ಕಟ್ಟಲು, ಮುಂದಕ್ಕೆ ಮುಖ ಮಾಡಿದ, ಗಾಡಿಯ ತಳದ ಉಕ್ಕಿನ ಚಾಸಿಗೇ ಬೋಲ್ಟ್ ಹಾಕಿದ, ಸರಿಯಾದ ಬೆಲ್ಟ್ ಇರುವ ಸೀಟು ಬೇಕು. ಅವರ ಡಬ್ಬಿಗಾಡಿಯಲ್ಲಿ ಅಂಥದ್ದಿತ್ತು. ನನ್ನ ಅರಮನೆಯಲ್ಲಿ ಇರಲಿಲ್ಲ. ಕೊನೆಗೆ ನನ್ನ ಮಗಳೇ ತೀರ್ಪು ಕೊಟ್ಟಳು. 'ಅಪ್ಪ, ಗಾಡಿ ನಿಂತಾಗ ಅವಳು ನಿಮ್ಮವಳು. ಹೊರಟಾಗ ಮಾವನ ಗಾಡೀಲಿ.'

ನಾನು ಹೆತ್ತ ಮಗಳು, ಸಭಿಕರೇ. ನನ್ನದೇ ಸೋಫಾಗಳ ಮೇಲೆ ಬೆಳೆದವಳು.

ಹೊರಡುವಾಗ ಅವರ ಗಾಡಿಯಲ್ಲಿ ನಡೆಯುವುದನ್ನು ನಾನು ನನ್ನ ಗಾಜಿನ ಹಿಂದೆ ಕುಳಿತು ನೋಡಬೇಕು. ಬೀಗರು ಸಣ್ಣಗೆ ಒಮ್ಮೆ ಸೀಟಿ ಊದುತ್ತಾರೆ. ಗುಬ್ಬಿ ಎರಡೂ ಕೈ ಮೇಲೆತ್ತುತ್ತಾಳೆ. ಪಟ್ಟಿಗಳು ಎರಡು ಭುಜದ ಮೇಲೆ ಇಳಿಯುತ್ತವೆ, ಎದುರಿಗೆ ಟಕ್ ಎನ್ನುತ್ತದೆ. ಬೀಗರು ಪಟ್ಟಿಯನ್ನು ಎರಡು ಬೆರಳಲ್ಲಿ ಚಿವುಟಲು ನೋಡುತ್ತಾರೆ, ಚಿವುಟಲು ಸಿಕ್ಕರೆ ಇನ್ನಷ್ಟು ಬಿಗಿ. ಆಮೇಲೆ ಗುಬ್ಬಿ 'ರೈಟ್' ಎನ್ನುತ್ತಾಳೆ. ಅವಳು ಹೇಳುವ ತನಕ ಗಾಡಿ ಹೊರಡುವುದಿಲ್ಲ. ನಾನು ಅವಳಿಗೆ ಕೇಳಿದ್ದು ಕೊಟ್ಟೆ, ಕುಣಿಯಲು ಬಿಟ್ಟೆ, ಬಿದ್ದರೆ ನೋವಾಗದಷ್ಟು ಮೆತ್ತಗಿನ ಜಾಗ ಕೊಟ್ಟೆ. ಇವರು ಕೊಟ್ಟದ್ದೇನು? ಕಟ್ಟಿಹಾಕಿದರು. ಅವಳು ದಾರಿಯುದ್ದಕ್ಕೂ ಹಾಡು ಹೇಳಿಕೊಂಡು ಹೋದದ್ದು ಕಟ್ಟಿಹಾಕಿದವರ ಜೊತೆ. ಇದು ಯಾವ ನ್ಯಾಯ? ಇಲ್ಲಿ ಯಾರಾದರೂ ವಕೀಲರಿದ್ದರೆ ಆಮೇಲೆ ಹೇಳಿ.

ನಿಂತಾಗ ನನ್ನವಳು ತಾನೆ? ಸರಿ, ನಾನು ನಿಲ್ಲಿಸತೊಡಗಿದೆ. ಟೀ ಕುಡಿಯಬೇಕು ಎಂದು ನಿಲ್ಲಿಸಿದೆ. ಟಯರು ಯಾಕೋ ಸದ್ದು ಮಾಡುತ್ತಿದೆ ಎಂದು ನಿಲ್ಲಿಸಿದೆ. ಕನ್ನಡಿ ಒರೆಸಲು ನಿಲ್ಲಿಸಿದೆ. ನೋಟ ಚೆನ್ನಾಗಿದೆ ಎಂದು ಒಂದು ಕಡೆ ನಿಲ್ಲಿಸಿದೆ. ಇಳಿದು ನೋಡಿದರೆ ಎದುರಿಗೆ ಇದ್ದದ್ದು ಸಿಮೆಂಟು ಗೋದಾಮು. ಪ್ರತಿ ಸಲ ಗುಬ್ಬಿ ಇಳಿದು ನನ್ನ ಸೋಫಾಕ್ಕೆ ಓಡಿ ಬರುತ್ತಿದ್ದಳು. ಪ್ರತಿ ಸಲ ಸೀಟಿ ಕೇಳಿಸುತ್ತಿತ್ತು, ಅವಳು ನನ್ನ ಮಾತನ್ನು ಅರ್ಧಕ್ಕೇ ಬಿಟ್ಟು ಎದ್ದು ಹೋಗುತ್ತಿದ್ದಳು. ಆ ಸೀಟಿಯನ್ನು ಕಿತ್ತು ಬಾವಿಗೆ ಎಸೆಯಬೇಕು ಅನ್ನಿಸುತ್ತಿತ್ತು. ಬೀಗರು ಕ್ಷಮಿಸಬೇಕು.

ಹಾಗೆ ನಿಂತ ಒಂದು ಕಡೆ ಹಣ್ಣಿನ ಗಾಡಿ ಇತ್ತು. ಗುಬ್ಬಿ ತೋರಿಸಿದ ದೊಡ್ಡ ಕಲ್ಲಂಗಡಿಯನ್ನೇ ಕೊಂಡೆ. ಅವಳು ಅದನ್ನು ತಬ್ಬಿಕೊಂಡು ಸೋಫಾದ ಮೇಲೆ ಹಾಗೇ ನಿದ್ದೆ ಹೋದಳು. ನನಗೆ ಸ್ವರ್ಗ. ಅಷ್ಟರಲ್ಲಿ ಮಾಸ್ತರರು ಬಂದರು. 'ಹೊರಡೋಣ' ಎಂದರು.

'ಮಲಗಿದಾಳೆ ಬೀಗರೇ, ಎಬ್ಬಿಸಬೇಡಿ. ಇನ್ನೇನು ಊರು ಬಂತು. ರಸ್ತೆ ನೆಟ್ಟಗಿದೆ, ನಾನು ನಿಧಾನಕ್ಕೆ ಬರ್ತೀನಿ.'

'ಆಗಲ್ಲ.'

'ನಿಮಗೊಬ್ಬರಿಗೇನಾ ಅವಳು ಮೊಮ್ಮಗಳು?'

ಅವರು ಬಗ್ಗಿ ಅವಳನ್ನು ಎತ್ತಿಕೊಂಡರು. ಅವಳಿಗೆ ಎಚ್ಚರವಾಗಿ, ನನ್ನ ಕಡೆ ಕೈ ಚಾಚಿ, 'ಸೋಫಾ ತಾತ' ಎಂದು ಅಳತೊಡಗಿದಳು. ಮಗು ಅತ್ತರೆ ಯಾರಿಗಾದರೂ ಸಂತೋಷವಾಗುತ್ತದೆಯೇ? ನನಗಾಯಿತು. ಅಳಲಿ, ಅವರ ಹೆಗಲ ಮೇಲೆ ನನ್ನ ಹೆಸರು ಹೇಳಿ ಅಳಲಿ, ಅಂದುಕೊಂಡೆ. ಆಮೇಲೆ ಸಿಟ್ಟಿನಲ್ಲಿ ಆ ಕಲ್ಲಂಗಡಿಯನ್ನು ಅವಳು ಮಲಗಿದ್ದ ಜಾಗದಲ್ಲೇ ಇಟ್ಟು, ಉರುಳದ ಹಾಗೆ ಸುತ್ತಲೂ ದಿಂಬು ಕೊಟ್ಟೆ. ಅವಳಿಗೆ ಹೇಗೆ ಕೊಡುತ್ತಿದ್ದೆನೋ ಹಾಗೆಯೇ. ನನ್ನ ಹೆಂಡತಿ ಮುಂದಿನ ಸೀಟಿನಲ್ಲಿ ಬೆಲ್ಟ್ ಹಾಕಿಕೊಂಡು ಕುಳಿತು ನನ್ನ ಜೊತೆ ಮಾತು ಬಿಟ್ಟಳು.

ರಸ್ತೆ ನೆಟ್ಟಗೇ ಇತ್ತು. ನಾನು ನಿಧಾನವಾಗಿಯೇ ಹೋಗುತ್ತಿದ್ದೆ. ಅಡ್ಡರಸ್ತೆಯಿಂದ ಒಂದು ಸೈಕಲ್ ನುಗ್ಗಿತು, ಬ್ರೇಕ್ ಒತ್ತಿದೆ. ಸೈಕಲ್ಲಿನವನಿಗೆ ಏನೂ ಆಗಲಿಲ್ಲ, ಅವನು ತಿರುಗಿಯೂ ನೋಡದೆ ಹೋದ. ನನಗೂ ನನ್ನ ಹೆಂಡತಿಗೂ ಬೆಲ್ಟ್ ಇತ್ತು, ಏನೂ ಆಗಲಿಲ್ಲ. ಹಿಂದಿನಿಂದ ಕಲ್ಲಂಗಡಿ ನಮ್ಮಿಬ್ಬರ ನಡುವೆ ಹಾದು ಬಂದು ಎದುರಿನ ಡ್ಯಾಶ್‌ಬೋರ್ಡಿಗೆ ಬಡಿದು ಒಡೆಯಿತು. ಗಾಜೆಲ್ಲ ಕೆಂಪು, ನನ್ನ ಶರ್ಟೆಲ್ಲ ಕೆಂಪು.

ಹಿಂದೆ ಗಾಡಿ ನಿಲ್ಲಿಸಿ ಬೀಗರು ಓಡಿ ಬಂದರು. ಬಾಗಿಲು ತೆಗೆದು ನನ್ನ ಶರ್ಟು ನೋಡಿದರು. ನನ್ನ ಎದೆ ಮುಟ್ಟಿದರು, ಬೆರಳನ್ನು ಮೂಗಿನ ಹತ್ತಿರ ತಂದುಕೊಂಡರು, ಹಣ್ಣು ಎಂದು ಗೊತ್ತಾದ ಮೇಲೆ ಅಲ್ಲೇ ಮೆಟ್ಟಿಲ ಮೇಲೆ ಕುಳಿತರು. ಅವರ ಗಾಡಿಯಿಂದ ತನ್ನ ಅಪ್ಪನ ಕಂಕುಳಲ್ಲಿ ಬಂದ ಗುಬ್ಬಿ ಎಲ್ಲವನ್ನೂ ಒಮ್ಮೆ ನೋಡಿ ಕೇಳಿದಳು, 'ಸೋಫಾ ತಾತ, ಹಣ್ಣಿಗೆ ಬೆಲ್ಟ್ ಹಾಕಿರ್ಲಿಲ್ವಾ?'

ಈ ಕಲ್ಲಂಗಡಿ ಕಥೆಯನ್ನು ಬಳಗದವರೆಲ್ಲ ಹೇಳಿಕೊಂಡು ನಗುತ್ತೀರಿ. ನಾನೂ ನಿಮ್ಮ ಜೊತೆ ನಗುತ್ತೇನೆ. ಹಣ್ಣು ಯಾವ ಜಾಗದಲ್ಲಿತ್ತು ಎಂಬುದನ್ನು ಮಾತ್ರ ಬಿಟ್ಟು ಹೇಳುತ್ತಿದ್ದೆ. ಇವತ್ತು ಬಾಯಿಗೆ ಬಂದುಬಿಟ್ಟಿತು. ಆ ಜಾಗದಿಂದ ಅವಳನ್ನು ಎತ್ತಿಕೊಂಡು ಹೋದವರು ಇಲ್ಲಿ ಕುಳಿತಿದ್ದಾರೆ.

ಯಾರಾದರೂ ಸ್ವಲ್ಪ ನೀರು ಕೊಡಿ.

ಅಲ್ಲಿಗೆ ನನ್ನ ಹೊಟ್ಟೆಕಿಚ್ಚು ಆರಿತು ಎಂದು ನೀವು ತಿಳಿದಿದ್ದರೆ ಆ ಮಾತು ಬಿಡಿ. ಇನ್ನೂ ಹೆಚ್ಚಾಯಿತು. ಮೊದಲು ಮೊಮ್ಮಗಳ ಪ್ರೀತಿಯೊಂದೇ ಅವರ ಪಾಲಾಗಿತ್ತು, ಈಗ ಅವರು ಹೇಳಿದ್ದೇ ಸರಿ ಎಂದೂ ಆಯಿತು. ನಾವು ಯಾರ ಮೇಲೆ ಹೊಟ್ಟೆಕಿಚ್ಚು ಪಡುತ್ತೇವೋ ಅವರು ತಪ್ಪನ್ನಾದರೂ ಮಾಡುತ್ತಿರಬೇಕಲ್ಲವೇ? ಮನುಷ್ಯ ಎಷ್ಟೂಂತ ತಡೆದುಕೊಳ್ಳುತ್ತಾನೆ?

ಊರಿಗೆ ಬಂದವನೇ ಗಾಡಿಯನ್ನು ವರ್ಕ್‌ಶಾಪಿಗೆ ಒಯ್ದು ಸೋಫಾ ಕೀಳಿಸಿದೆ. ಬದುಕೆಲ್ಲ ಸೋಫಾ ಮಾರಿದವನು ಸೋಫಾ ಕೀಳಿಸುವುದೆಂದರೆ ಏನು, ನೀವೇ ಯೋಚಿಸಿ. ಆ ಜಾಗದಲ್ಲಿ ಚಾಸಿಗೆ ಬೋಲ್ಟ್ ಹಾಕಿಸಿ, ಮುಂದಕ್ಕೆ ಮುಖ ಮಾಡಿದ ಸೀಟು ಕೂರಿಸಿ, ಅದರ ಮೇಲೆ ಗುಬ್ಬಿಯ ಅಳತೆಯ ಮಕ್ಕಳ ಸೀಟು ಕಟ್ಟಿಸಿದೆ. ಪಾತ್ರೆ ಕಪಾಟಿಗೆಲ್ಲ ಚಿಲಕ ಹಾಕಿಸಿದೆ. ಪರೀಕ್ಷೆ ಮಾಡಲು ಯಾರು ಬಂದರು? ಇವರೇ. ಕಾಲು ಅಡ್ಡ ಕೊಟ್ಟು ಎರಡೂ ಕೈಯಲ್ಲಿ ಸೀಟು ಹಿಡಿದು ಎಳೆದರು. 'ಅಲ್ಲಾಡ್ತಿದೆ' ಎಂದರು. ಬಿಗಿ ಮಾಡಿಸಿದೆ. ಮತ್ತೆ ಬಂದು ಎಳೆದರು. 'ಇನ್ನೂ ಸ್ವಲ್ಪ' ಎಂದರು. ಮೂರನೆಯ ಸಲ ಎಳೆದಾಗ ಗಾಡಿಯೇ ಅಲ್ಲಾಡಿತು, ಸೀಟು ಅಲ್ಲಾಡಲಿಲ್ಲ. 'ಹೂಂ' ಎಂದರು. ಆ ಒಂದು ಹೂಂಕಾರಕ್ಕಾಗಿ ನಾನು ಪಟ್ಟ ಪಾಡು ನನಗೇ ಗೊತ್ತು.

ನಾಳೆ ಬೆಳಿಗ್ಗೆ ಎರಡೂ ಗಾಡಿ ಮತ್ತೆ ಹೊರಡುತ್ತವೆ. ನಿನ್ನೆ ಗುಬ್ಬಿಯನ್ನು ಕರೆದುಕೊಂಡು ಹೋಗಿ ತೋರಿಸಿದೆ. ಹತ್ತಿ ಕುಳಿತಳು, ಪಟ್ಟಿ ಎಳೆದು ನೋಡಿದಳು, ಥೇಟ್ ಅವರ ಹಾಗೆಯೇ.

'ಸೀಟು ಚೆನ್ನಾಗಿದೆ ತಾತ. ಸೀಟಿ ಎಲ್ಲಿ?'

'ಸೀಟಿ ಯಾಕಮ್ಮ, ನಾನು ಬಾಯಲ್ಲೇ ಊದ್ತೀನಿ' ಎಂದು ಊದಿದೆ. ಕಟ್ಟಿಸಿದ ಹಲ್ಲು, ಬರೀ ಗಾಳಿ ಬಂತು. ಇವತ್ತು ಬೆಳಿಗ್ಗೆ ಅಂಗಡಿಯಿಂದ ಹೊಸದೊಂದು ತಂದು ಊದಿದೆ. ಕೇಳಿ, 'ಇದು ಅದಲ್ಲ' ಎಂದು ಇಳಿದು ಹೋದಳು. ಸೀಟು ನನ್ನದು, ಸೀಟಿ ಅವರದು. ಇದು ನನ್ನ ಪರಿಸ್ಥಿತಿ.

ಆದ್ದರಿಂದ ಬೀಗರೇ, ಈ ಫಲಕವನ್ನು ನಿಮ್ಮ ಕೈಗೆ ಕೊಡುವ ಮುಂಚೆ ತುಂಬಿದ ಸಭೆಯಲ್ಲಿ ಕೇಳುತ್ತಿದ್ದೇನೆ. ಇಷ್ಟು ಹೊತ್ತು ನಿಮ್ಮನ್ನು ಹೊಗಳಿದ್ದೇನೋ ಬೈದಿದ್ದೇನೋ ನನಗೇ ತಿಳಿಯುತ್ತಿಲ್ಲ. ಆ ಸೀಟಿಯನ್ನು ನಾಳೆ ಒಂದು ದಿನದ ಮಟ್ಟಿಗೆ ನನಗೆ ಕೊಡಿ.

ತೆಗೆಯುತ್ತಿದ್ದಾರೆ. ಕೊರಳಿಂದ ತೆಗೆಯುತ್ತಿದ್ದಾರೆ, ನೋಡಿ. ಕೊಡಲು ಮನಸ್ಸಿಲ್ಲ, ದಾರ ಕಿವಿಗೆ ಸಿಕ್ಕಿಕೊಂಡಿದೆ ಎಂದು ನಾಟಕ. ಬಂತು. ಒಮ್ಮೆ ಊದಿ ನೋಡುತ್ತೇನೆ, ಅಧ್ಯಕ್ಷರ ಅಪ್ಪಣೆ ಇರಲಿ.

ಸಭಿಕರೇ, ಮೊದಲ ಸಾಲು ನೋಡಿ. ಸೀಟಿ ಕೇಳಿದ್ದೇ ತಡ, ಗುಬ್ಬಿ ಆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಎರಡೂ ಕೈ ಮೇಲೆತ್ತಿ ಕುಳಿತಿದ್ದಾಳೆ. ನೋಡುತ್ತಿರುವುದು ಮಾತ್ರ ಅವರ ಕಡೆಗೆ. ಇರಲಿ. ನಾಳೆಯ ಸೀಟು ಮುಂದಕ್ಕೆ ಮುಖ ಮಾಡಿದೆ, ಅವಳ ಕಣ್ಣೆದುರಿಗೆ ಇರುವುದು ನನ್ನ ಬೋಳುತಲೆಯೊಂದೇ.

ನಾಳೆ ನಾನು ಮುಂದೆ, ಬೀಗರು ಹಿಂದೆ, ಖಾಲಿ ಸೀಟಿನ ಜೊತೆ. ಟೀ ಕುಡಿಯಬೇಕು ಎಂದೋ, ಟಯರು ಸದ್ದು ಮಾಡುತ್ತಿದೆ ಎಂದೋ, ಅವರು ಹಿಂದಿನಿಂದ ಎಷ್ಟು ಸಲ ಲೈಟು ಹೊಡೆಯುತ್ತಾರೆಂಬುದು ನನಗೆ ಗೊತ್ತು, ನನಗಿಂತ ಚೆನ್ನಾಗಿ ಇನ್ನಾರಿಗೆ ಗೊತ್ತಿರುತ್ತದೆ? ಹೊಡೆದಾಗಲೆಲ್ಲ ನಿಲ್ಲಿಸುತ್ತೇನೆ ಬೀಗರೇ. ಸಿಮೆಂಟು ಗೋದಾಮಿನ ಮುಂದೆಯಾದರೂ ಸರಿ. ಮಗಳ ತೀರ್ಪು ಇಬ್ಬರಿಗೂ ಒಂದೇ. ಹೊರಟಾಗ ನನ್ನವಳು, ನಿಂತಾಗ ನಿಮ್ಮವಳು.

ಮಾತಾಡಲು ಕರೆದ ಕಾರ್ಯದರ್ಶಿಗಳಿಗೂ, ನಡುವೆ ಚೀಟಿ ಕಳಿಸದ ಅಧ್ಯಕ್ಷರಿಗೂ, ನಕ್ಕ ನಿಮಗೂ, ನಗದೆ ಕುಳಿತ ನನ್ನ ಹೆಂಡತಿಗೂ ವಂದನೆಗಳು. ಗುಬ್ಬಿ, ಕೈ ಇಳಿಸಮ್ಮ, ಹೊರಡೋದು ನಾಳೆ. ಎಲ್ಲರಿಗೂ ನಮಸ್ಕಾರ.