ನಮ್ಮವರ ಪ್ರಮೇಯದ ಬಗ್ಗೆ ಎರಡು ಮಾತು

ಮಾನ್ಯ ಅಧ್ಯಕ್ಷರೇ, ಈ ಸಂಶೋಧನಾ ಸಂಸ್ಥೆಯ ನಿರ್ದೇಶಕರೇ, ಸೋಮವಾರದಿಂದ ಇಲ್ಲಿ ಉಪನ್ಯಾಸ ಕೊಡಲು ದೂರದೂರದಿಂದ ಬಂದಿಳಿದಿರುವ ವಿದ್ವಾಂಸರೇ, ಸಂಶೋಧನಾ ವಿದ್ಯಾರ್ಥಿಗಳೇ, ಕುರ್ಚಿ ಸಿಗದೆ ಹಿಂದೆ ಗೋಡೆಗೆ ಒರಗಿ ನಿಂತಿರುವವರೇ, ಮತ್ತು ಎಲ್ಲ ಸಭಿಕರೇ,

ಈ ವರ್ಷದ ವಿಜ್ಞಾನ ಮತ್ತು ಗಣಿತ ವಿಚಾರಗೋಷ್ಠಿಗಳ ಮಾಲೆಯನ್ನು ನನ್ನ ಯಜಮಾನರ ಗೌರವಾರ್ಥ ಏರ್ಪಡಿಸಿದ್ದೀರಿ. ಅವರ ಪರವಾಗಿ ಎರಡು ಮಾತು ಆಡಬೇಕೆಂದು ನಿರ್ದೇಶಕರು ನನ್ನನ್ನು ಕೇಳಿಕೊಂಡರು. ಯಜಮಾನರು ಇಲ್ಲೇ ಮೊದಲ ಸಾಲಿನಲ್ಲಿ ಕುಳಿತಿದ್ದಾರೆ, ನೀವು ಕೊಟ್ಟ ಹೂಗುಚ್ಛ ತೊಡೆಯ ಮೇಲಿದೆ. ಆದರೆ ಸಭೆಯಲ್ಲಿ ಮಾತಾಡುವುದು ಅವರಿಂದ ಇನ್ನು ಆಗದು. ಮರೆವಿನ ಕಾಯಿಲೆ ಎಲ್ಲಿಯವರೆಗೆ ಬಂದಿದೆ ಎಂದು ನಿಮ್ಮಲ್ಲಿ ಬಹಳ ಜನಕ್ಕೆ ಗೊತ್ತು.

ನನಗೆ ಭಾಷಣ ಮಾಡಿ ಅಭ್ಯಾಸವಿಲ್ಲ. ಹೆರಿಗೆ ಆಸ್ಪತ್ರೆಯಲ್ಲಿ ನರ್ಸ್ ಆಗಿ ದುಡಿದು ನಿವೃತ್ತಳಾದವಳು ನಾನು. ನನ್ನ ಮಾತು ಕೇಳಿಸಿಕೊಂಡವರೆಲ್ಲ ನೋವಿನಲ್ಲಿದ್ದವರು. ನಾನು ಹೇಳುತ್ತಿದ್ದದ್ದೂ ಇಷ್ಟೇ: ಉಸಿರು ಬಿಡಮ್ಮ, ಇನ್ನು ಸ್ವಲ್ಪ, ಈಗ ಮುಗಿಯುತ್ತೆ. ಇವತ್ತು ಇಲ್ಲೂ ಅದನ್ನೇ ಹೇಳಬೇಕಾಗಬಹುದು.

ಅವರ ಪ್ರಮೇಯದ ಹೆಸರು ಇಲ್ಲಿ ಎಲ್ಲರಿಗೂ ಗೊತ್ತು. ಆ ಪ್ರಮೇಯದಿಂದ ಈ ಸಂಸ್ಥೆಗೆ ಹೆಸರು ಬಂತು ಎಂದು ಅಧ್ಯಕ್ಷರು ಈಗತಾನೆ ಹೇಳಿದರು. ಅದು ಹುಟ್ಟಿದ ದಿನ ನನಗೆ ಚೆನ್ನಾಗಿ ನೆನಪಿದೆ. ನಾನು ನನ್ನದೇ ಆಸ್ಪತ್ರೆಯಲ್ಲಿ, ನನ್ನದೇ ವಾರ್ಡಿನಲ್ಲಿ, ಮಗಳನ್ನು ಹೆತ್ತು ಮಲಗಿದ್ದೆ. ಇವರು ಬಾಗಿಲಲ್ಲಿ ನಿಂತು, "ಆಯ್ತು ಕಣೆ, ಮುಗೀತು," ಎಂದರು. ಮುಖದಲ್ಲಿ ಅಂಥ ಸಂತೋಷವನ್ನು ನಾನು ಅದುವರೆಗೆ ನೋಡಿರಲಿಲ್ಲ. "ಹೌದೂರೀ, ಹೆಣ್ಣುಮಗು," ಎಂದೆ. ಅವರು ಒಂದು ಗಳಿಗೆ ನನ್ನನ್ನೇ ನೋಡಿ, "ಓ, ಹೌದಲ್ಲ," ಎಂದರು. ಮುಗಿದದ್ದು ಪ್ರಮೇಯದ ಸಾಧನೆ. ಮಗುವನ್ನು ಆಮೇಲೆ ನೋಡಿದರು.

ನೀವು ನಕ್ಕಿರಿ, ಒಳ್ಳೆಯದಾಯಿತು. ನಾನೂ ಇದನ್ನು ನಗುವ ಕಥೆ ಮಾಡಿಕೊಂಡೇ ಎಷ್ಟೋ ಮನೆಗಳಲ್ಲಿ ಹೇಳಿದ್ದೇನೆ. ಮಗಳು ಮಾತ್ರ ಎಂದೂ ನಗಲಿಲ್ಲ. ಇವತ್ತಿಗೂ ಅವಳನ್ನು ಕರೆದೆ. "ಸನ್ಮಾನ ಪ್ರಮೇಯಕ್ಕೆ ತಾನೆ ಅಮ್ಮಾ, ನಾನ್ಯಾಕೆ ಬರ್ಲಿ," ಎಂದಳು. ಬಂದಿಲ್ಲ.

ಇವರು ಸುಲಭದ ಮನುಷ್ಯರಾಗಿರಲಿಲ್ಲ. ಇದೇ ಸಭಾಂಗಣದಲ್ಲಿ ಪ್ರಶ್ನೆ ಕೇಳಲು ಎದ್ದವರನ್ನು "ನಿಮಗೆ ಅರ್ಥ ಆಗಿಲ್ಲ, ಕೂತ್ಕೊಳ್ಳಿ," ಎಂದು ಕೂರಿಸಿದವರು. ಕೂತವರು ಕೆಲವರು ಇವತ್ತೂ ಇಲ್ಲಿದ್ದಾರೆ, ಕಾಣುತ್ತಿದ್ದಾರೆ. ಮನೆಯಲ್ಲೂ ಹಾಗೆಯೇ. ಅವರು ಯೋಚಿಸುವಾಗ ಮಿಕ್ಸಿ ಹಾಕುವಂತಿಲ್ಲ, ನಲ್ಲಿ ಜೋರಾಗಿ ಬಿಡುವಂತಿಲ್ಲ, ಮಗು ಅಳುವಂತಿಲ್ಲ. ಮಗು ಅಳಬಾರದೆಂದರೆ ಏನು ಮಾಡುವುದು? ಎತ್ತಿಕೊಂಡು ಬೀದಿಗೆ ಹೋಗುವುದು. ನಮ್ಮ ಬಡಾವಣೆಯ ಬೀದಿಗಳೆಲ್ಲ ನನಗೆ ಪರಿಚಯವಾದದ್ದು ಹಾಗೆ.

ಕಾಯಿಲೆ ಬಂದ ಮೇಲೆ ಅವರು ಬದಲಾದರು. ಬಹಳ ಒಳ್ಳೆಯವರಾದರು. "ಅಡುಗೆ ತುಂಬ ಚೆನ್ನಾಗಿದೆ. ನಿಮಗೆ ತೊಂದರೆ ಕೊಟ್ಟೆ," ಎಂದು ತಟ್ಟೆಯ ಮುಂದೆ ಕುಳಿತು ಹೇಳಿದರು. ಸಂಸಾರ ಹೂಡಿದ ಮೇಲೆ ಅವರ ಬಾಯಲ್ಲಿ ಅಂಥ ಮಾತು ಕೇಳಿದ್ದು ಅದೇ ಮೊದಲು. ಒಳಗೆ ಹೋಗಿ ಅತ್ತುಬಿಟ್ಟೆ, ಸಂತೋಷಕ್ಕೆ. ಸ್ವಲ್ಪ ಹೊತ್ತಿನ ಮೇಲೆ ಹೊಳೆಯಿತು, ಅವರು ನನಗೆ "ನೀವು" ಎಂದಿದ್ದರು. ನಾನು ಯಾರೆಂದು ಅವರಿಗೆ ತಿಳಿದಿರಲಿಲ್ಲ.

ಅಲ್ಲಿಂದಾಚೆ ನಮ್ಮ ಮನೆಯಲ್ಲಿ ಲೆಕ್ಕ ಹೀಗಾಯಿತು. "ನೀವು" ಎಂದರೆ ಕಾಯಿಲೆ. "ನೀನು" ಎಂದು ಗದರಿದರೆ ನನ್ನ ಗಂಡ.

ಒಂದು ಬೆಳಿಗ್ಗೆ ಬಾಲ್ಕನಿಯ ಬಿಸಿಲಿನಲ್ಲಿ ಕೂರಿಸಿ ಅವರ ಉಗುರು ಕತ್ತರಿಸುತ್ತಿದ್ದೆ. ಇದ್ದಕ್ಕಿದ್ದಂತೆ ಕೈ ಕಿತ್ತುಕೊಂಡರು.

"ಅದು ನಿಲ್ಲಲ್ಲ ಕಣೆ."

"ಯಾವುದು?"

"ನನ್ನ ಪ್ರಮೇಯ. ನಡುವೆ ಒಂದು ಕಡೆ, ಎಲ್ಲಾ ಸಂದರ್ಭಕ್ಕೂ ಆಗುತ್ತೆ ಅಂತ ಬರೆದ್ಬಿಟ್ಟಿದ್ದೀನಿ. ಆಗಲ್ಲ. ಒಂದು ಕಡೆ ಕೈ ಕೊಡುತ್ತೆ. ಅದು ಹೋದ್ರೆ ಪೂರ್ತಿ ಹೋಯ್ತು."

"ಇರ್ಲಿ ಬಿಡಿ, ಆಮೇಲೆ ನೋಡೋಣ," ಎಂದೆ, ಎಲ್ಲ ರೋಗಿಗಳಿಗೂ ಹೇಳುವ ಹಾಗೆ.

"ಇರ್ಲಿ ಬಿಡಿ ಅಂದ್ರೇನು? ಅದರ ಮೇಲೆ ಜನ ಕಟ್ತಾ ಇದ್ದಾರೆ. ನೀನು ಹೋಗಿ ಅವರಿಗೆ ಹೇಳು. ಹೇಳ್ತೀಯೋ ಇಲ್ವೋ?"

ಹೇಳುತ್ತೇನೆ ಎಂದೆ. ನೀನು ಎಂದಿದ್ದರಲ್ಲ, ಬೇರೇನು ಹೇಳಲಿ?

ಡಾಕ್ಟರು ಕೇಳಿ ತಲೆಯಾಡಿಸಿದರು. "ಅಮ್ಮಾ, ಇದೂ ಕಾಯಿಲೆಯದೇ ಲಕ್ಷಣ. ಕೆಲವರು ಮನೆಗೆ ಕಳ್ಳ ನುಗ್ಗಿದ್ದಾನೆ ಅಂತಾರೆ. ಇವರು ಪ್ರಮೇಯ ತಪ್ಪು ಅಂತಾರೆ." ಮಾತ್ರೆ ಹೆಚ್ಚಿಸಿದರು. ಈ ಸಂಸ್ಥೆಗೂ ಬಂದೆ. ಹಿರಿಯ ಪ್ರಾಧ್ಯಾಪಕರೊಬ್ಬರು ಕೂರಿಸಿ ಚಹಾ ತರಿಸಿದರು. "ಮೇಡಂ, ಅದು ಪಠ್ಯಪುಸ್ತಕದಲ್ಲಿ ಸೇರಿಹೋಗಿದೆ. ಅದನ್ನ ಓದದೇ ಇರೋರು ಈ ಕಟ್ಟಡದಲ್ಲಿ ಯಾರೂ ಇಲ್ಲ. ತಪ್ಪಿದ್ರೆ ಕಾಣ್ತಿರಲಿಲ್ವಾ?" ಎಂದರು. ಬಹಳ ಮರ್ಯಾದೆಯಿಂದ ಗೇಟಿನವರೆಗೆ ಬಂದು ಬಿಟ್ಟುಹೋದರು. ಅವರನ್ನು ನಾನು ದೂರುವುದಿಲ್ಲ. ಬುದ್ಧಿ ಕಳೆದುಕೊಳ್ಳುತ್ತಿರುವವರ ಮಾತನ್ನು ಯಾರು ಲೆಕ್ಕಕ್ಕೆ ಹಿಡಿಯುತ್ತಾರೆ? ಗಣಿತ ನನಗೂ ತಿಳಿಯದು. ನನಗೆ ತಿಳಿದದ್ದು ಅವರ ಸಿಟ್ಟು ಮಾತ್ರ. ಆ ಸಿಟ್ಟಿನಲ್ಲಿ ಅವರು ಎಂದೂ ಸುಳ್ಳು ಹೇಳಿದವರಲ್ಲ.

ಗೇಟಿನ ಹತ್ತಿರ ಒಬ್ಬ ಹೆಣ್ಣುಮಗಳು ಸ್ಕೂಟರ್ ನಿಲ್ಲಿಸಿಕೊಂಡು ಕಾಯುತ್ತಿದ್ದಳು. ಇಲ್ಲಿ ಹೊಸದಾಗಿ ತಾತ್ಕಾಲಿಕ ಕೆಲಸಕ್ಕೆ ಸೇರಿದ್ದವಳು. ಪ್ರಾಧ್ಯಾಪಕರ ಕೋಣೆಯ ಬಾಗಿಲು ತೆರೆದಿತ್ತು, ನಮ್ಮ ಮಾತು ಅವಳ ಕಿವಿಗೆ ಬಿದ್ದಿತ್ತು. "ಅಮ್ಮಾ, ತಪ್ಪು ಎಲ್ಲಿದೆ ಅಂದ್ರು ಸರ್?" ಎಂದು ಕೇಳಿದಳು. ಇಡೀ ಸಂಸ್ಥೆಯಲ್ಲಿ ಆ ಪ್ರಶ್ನೆ ಕೇಳಿದವಳು ಅವಳೊಬ್ಬಳೇ.

ಭಾನುವಾರಗಳಂದು ಮನೆಗೆ ಬರತೊಡಗಿದಳು. ಇವರು ಕೆಲವೊಮ್ಮೆ ಅವಳಿಗೆ ಕೈಮುಗಿದು, "ಯಾರು ಬೇಕಾಗಿತ್ತು?" ಎನ್ನುವರು. ಅವಳು "ಸುಮ್ನೆ ಬಂದೆ ಸರ್," ಎಂದು ನೆಲದ ಮೇಲೆ ಕುಳಿತು ತನ್ನ ಪಾಡಿಗೆ ಬರೆದುಕೊಳ್ಳುವಳು. ಕೆಲವೊಮ್ಮೆ ಮೋಡ ಸರಿದಂತೆ ಅವರ ಕಣ್ಣು ತಿಳಿಯಾಗುತ್ತಿತ್ತು. ಆಗ ಅವಳಿಗೆ ಬೈಗುಳ. "ಕಣ್ಣು ಬಿಟ್ಟು ನೋಡು. ಎಲ್ಲರೂ ನೋಡದೆ ದಾಟಿಹೋದ ಜಾಗ ಅದು. ನಾನೂ ದಾಟಿದೆ. ನೀನೂ ದಾಟ್ತೀಯಾ?" ಅವಳು ಕಣ್ಣೀರು ಒರೆಸಿಕೊಂಡು ಬರೆಯುವಳು. ನಾನು ಅಡುಗೆಮನೆಯ ಬಾಗಿಲಲ್ಲಿ ಕಾಫಿ ಹಿಡಿದು ನಿಂತಿರುತ್ತಿದ್ದೆ. ಅವರು ಬೈಯುವುದನ್ನು ಕೇಳಲು ಅಷ್ಟು ಹಂಬಲಿಸಿದ ಹೆಂಗಸು ಇನ್ನೊಬ್ಬಳಿರಲಾರಳು.

ಬರಬರುತ್ತಾ ಅಂಥ ಗಳಿಗೆಗಳು ಕಡಿಮೆಯಾದವು, ಆಮೇಲೆ ನಿಂತೇಹೋದವು. ಅವಳು ಮಾತ್ರ ಬಿಡಲಿಲ್ಲ. ಹೋದ ತಿಂಗಳು ಒಂದು ಮಧ್ಯಾಹ್ನ ಬಂದಳು. ಚಪ್ಪಲಿ ಬಿಡುವುದನ್ನೂ ಮರೆತು ನೇರ ಅವರ ಕುರ್ಚಿಯ ಹತ್ತಿರ ಹೋಗಿ ಕುಕ್ಕರಿಸಿ, "ಸರ್, ನೀವು ಹೇಳಿದ್ದೇ ಸರಿ. ಅದು ನಿಲ್ಲಲ್ಲ. ಎಲ್ಲಿ ಕೈ ಕೊಡುತ್ತೆ ಅಂತ ಉದಾಹರಣೆ ಸಮೇತ ಸಿಕ್ಕಿದೆ," ಎಂದಳು.

ಅವರು ನಕ್ಕರು. "ತುಂಬಾ ಸಂತೋಷ. ನಿಮ್ಮ ಊಟ ಆಯ್ತಾ?" ಎಂದರು.

ಆ ಹುಡುಗಿ ಬಾಲ್ಕನಿಗೆ ಹೋಗಿ ನಿಂತಳು. ನಾನು ಅವಳ ಹಿಂದೆ ಹೋಗಲಿಲ್ಲ.

ಸಭಿಕರೇ, ಹೊರಗಿನ ಇಬ್ಬರು ಗಣಿತಜ್ಞರು ಅವಳ ಉದಾಹರಣೆಯನ್ನು ಪರೀಕ್ಷಿಸಿ ಸರಿಯೆಂದಿದ್ದಾರೆ. ನಿರ್ದೇಶಕರಿಗೂ ಈ ವಿಷಯ ಗೊತ್ತು. ಅವರು ನನ್ನ ಯಜಮಾನರ ಶಿಷ್ಯರು, ನಮ್ಮ ಮನೆಯ ಮೈದುನನಂತೆ ಇದ್ದವರು. ಅವರೇ ಮನೆಗೆ ಬಂದರು. "ಅತ್ತಿಗೆ, ನಾನು ಇಲ್ಲ ಅಂತಿಲ್ಲ. ಆದ್ರೆ ಕರಪತ್ರ ಅಚ್ಚಾಗಿದೆ, ಜನ ವಿಮಾನ ಹತ್ತಿಯಾಗಿದೆ. ಈ ಗೋಷ್ಠಿಗಳು ಮುಗೀಲಿ, ಆಮೇಲೆ ನಿಧಾನಕ್ಕೆ ಹೇಳೋಣ. ಈ ಹೊತ್ತಲ್ಲಿ ಹೆಸರು ಯಾಕೆ ಕೆಡಿಸೋದು?" ಎಂದರು.

"ಯಾರ ಹೆಸರಪ್ಪ, ಅವರದಾ, ಸಂಸ್ಥೆದಾ?" ಎಂದು ಕೇಳಿದೆ.

"ಎರಡೂ," ಎಂದರು. ಸುಳ್ಳು ಹೇಳಲಿಲ್ಲ. ಅದಕ್ಕಾಗಿ ಅವರ ಮೇಲೆ ನನಗೆ ಇವತ್ತೂ ಅಭಿಮಾನವಿದೆ. ಆದರೆ ಆ ಹುಡುಗಿಯ ಉಪನ್ಯಾಸ ಈ ಮಾಲೆಯಲ್ಲಿ ಇತ್ತು, ಈಗ ಇಲ್ಲ. ಈ ಗೋಷ್ಠಿಗಳು ಮುಗಿಯುವಷ್ಟರಲ್ಲಿ ಅವಳ ಕೆಲಸದ ಅವಧಿಯೂ ಮುಗಿಯುತ್ತದೆ. ಇದನ್ನು ಸಭೆಯಲ್ಲಿ ಹೇಳಲೇ ಎಂದು ನಾನು ಅವಳನ್ನು ಕೇಳಿದೆ. "ಹೇಳಿ ಅಮ್ಮಾ. ನಾನು ಹೇಳಿದ್ರೆ ಸರ್‌ನ ಬೀಳಿಸಿದವಳು ಅಂತಾರೆ," ಎಂದಳು. ಆದ್ದರಿಂದ ಹೇಳುತ್ತಿದ್ದೇನೆ. ಅವರ ತಪ್ಪನ್ನು ಮೊದಲು ಕಂಡವರು ಅವರೇ.

ಸೋಮವಾರದಿಂದ ಈ ವೇದಿಕೆಯ ಮೇಲೆ ನಿಂತು ಆ ಪ್ರಮೇಯದ ಆಧಾರದ ಮೇಲೆ ಮಾತಾಡಲಿರುವವರು ಎಷ್ಟೋ ಜನರಿದ್ದೀರಿ. ನಿಮ್ಮ ಪೈಕಿ ಕೆಲವು ಮಕ್ಕಳ ಪ್ರಬಂಧಗಳು ಅದರ ಮೇಲೆಯೇ ನಿಂತಿವೆ ಎಂದೂ ಕೇಳಿದ್ದೇನೆ. ನಿಮ್ಮ ವರ್ಷಗಳ ದುಡಿಮೆಯನ್ನು ನಾನು ಮೈಕಿನ ಮುಂದೆ ನಿಂತು ಕೆಡವುತ್ತಿದ್ದೇನೆ. ನೋವಾಗುತ್ತದೆ. ಆಸ್ಪತ್ರೆಯಲ್ಲಿ ಹೇಳುತ್ತಿದ್ದ ಸಮಾಧಾನವನ್ನು ಇಲ್ಲಿ ಹೇಳಲಾರೆ, ಏಕೆಂದರೆ ಇದರ ಕೊನೆಗೆ ನಿಮ್ಮ ಕೈಗೆ ಏನು ಬರುತ್ತದೆಂದು ನನಗೆ ಗೊತ್ತಿಲ್ಲ. ಮೊದಲ ಉಪನ್ಯಾಸವನ್ನು ಆ ಹುಡುಗಿಗೆ ಕೊಡಿ ಎಂದಷ್ಟೇ ಅಧ್ಯಕ್ಷರನ್ನು ಬೇಡುತ್ತೇನೆ. ಅವಳು ಎದ್ದು ಪ್ರಶ್ನೆ ಕೇಳುವವಳು. ದಯವಿಟ್ಟು ಅವಳನ್ನು ಕೂರಿಸಬೇಡಿ.

ನಿನ್ನೆ ಅವರಿಗೆ ಶರ್ಟಿನ ಗುಂಡಿ ಹಾಕುತ್ತಾ ನಾನೇ ಇನ್ನೊಮ್ಮೆ ಹೇಳಿ ನೋಡಿದೆ. "ಒಬ್ಬರು ದೊಡ್ಡ ಪ್ರಮೇಯ ಬರೆದಿದ್ರು. ಅದರಲ್ಲಿ ತಪ್ಪು ಸಿಕ್ಕಿದೆಯಂತೆ," ಎಂದೆ. ಗಮನವಿಟ್ಟು ಕೇಳಿದರು.

"ಅಯ್ಯೋ ಪಾಪ. ಅವರಿಗೆ ಯಾರಾದ್ರೂ ಹೇಳಿದ್ರಾ?"

"ಹೇಳಿದ್ವಿ," ಎಂದೆ.

"ಮನೆಗೆ ಹೋಗಿ ಮೆತ್ತಗೆ ಹೇಳಿ. ಎಲ್ಲರ ಎದುರಿಗೆ ಹೇಳ್ಬೇಡಿ. ಅವರಿಗೆ ತಡೆಯೋಕಾಗಲ್ಲ," ಎಂದರು. ನೀವು, ನೀವು ಎಂದೇ ಮಾತಾಡಿದರು.

ಆ ಒಂದು ಮಾತನ್ನು ನಾನು ಇವತ್ತು ಮೀರಿದ್ದೇನೆ. ತಡೆಯಲಾರದವರು ಯಾರಿದ್ದರೋ ಅವರು ಈಗ ಇಲ್ಲಿಲ್ಲ.

ಇಷ್ಟು ಹೊತ್ತು ಕೇಳಿದ ನಿಮಗೂ, ನಾನು ಏನು ಹೇಳಲಿದ್ದೇನೆಂದು ಊಹಿಸಿಯೂ ಮೈಕ್ ಕೈಗಿತ್ತ ನಿರ್ದೇಶಕರಿಗೂ ಕೃತಜ್ಞತೆಗಳು. ಕೊನೆಯದಾಗಿ ಒಂದು ವಿನಂತಿ. ಯಾರೂ ಚಪ್ಪಾಳೆ ತಟ್ಟಬೇಡಿ. ನೀವು ತಟ್ಟಿದರೆ ಅವರೂ ತಟ್ಟುತ್ತಾರೆ. ಅದನ್ನು ಇಲ್ಲಿಂದ ನೋಡಲು ನನ್ನಿಂದ ಆಗದು.

ನಮಸ್ಕಾರ.