ದಾರಿಗೆ ಅಡ್ಡ ಹಾಕಿದ ಸೊಪ್ಪು

ಗೋಣಿಬೀಡಿನ ಬಸ್‌ಸ್ಟ್ಯಾಂಡಿನ ಎದುರಿಗಿದ್ದ ಗುರುವಯ್ಯನವರ ಸೈಕಲ್ ಶಾಪು ಆ ಸಂಜೆ ಇನ್ನೂ ಬಾಗಿಲು ಹಾಕಿರಲಿಲ್ಲ, ಅದು ರಂಜನಾಳ ಪುಣ್ಯ. ಅವಳೂ ಸೇರಿ ಹಾಸನದಿಂದ ಹೊರಟಿದ್ದ ನಾಲ್ವರು ಸೈಕಲ್ ಸವಾರರು ಹಿರೇಕೆರೆಯನ್ನು ಒಂದು ಸುತ್ತು ಹಾಕಿ, ಕತ್ತಲಾಗುವುದರೊಳಗೆ ಮೂಡಿಗೆರೆ ಸೇರಿಬಿಡೋಣ ಎಂದುಕೊಂಡಿದ್ದರು. 2007ರ ಮಳೆಗಾಲ ಅವರ ಮಾತು ಕೇಳಲಿಲ್ಲ. ಮಳೆ ಜಡಿದು ಹಿಡಿದುಕೊಂಡಿತು, ಕರೆಂಟು ಹೋಯಿತು, ಸಾಲದ್ದಕ್ಕೆ ಅವಳ ಹಿಂದಿನ ಟೈರು ಪಂಕ್ಚರ್ ಆಯಿತು. ನಾಲ್ವರೂ ಶಾಪಿನೊಳಗೆ ತೂಗುಹಾಕಿದ್ದ ಹಳೇ ರಿಮ್ಮುಗಳ ಕೆಳಗೆ ಮುದುರಿ ಕೂತರು.

ಗುರುವಯ್ಯನವರಿಗೆ ಎಪ್ಪತ್ತು ದಾಟಿತ್ತು. ಟ್ಯೂಬನ್ನು ಬೋಗುಣಿಯ ನೀರಿನಲ್ಲಿ ಅದ್ದಿ ಗುಳ್ಳೆ ಹುಡುಕುತ್ತಲೇ ಇವರ ಹೆಲ್ಮೆಟ್ಟುಗಳನ್ನು ನೋಡಿ ನಕ್ಕರು. "ತಲೆ ಮೇಲೆ ಬುಟ್ಟಿ ಕವುಚ್ಕೊಂಡು ಬರೋರಿಗೆಲ್ಲ ನಮ್ಮೂರಿನ ರಸ್ತೆನೇ ಆಗ್ಬೇಕು ನೋಡಿ."

"ಕೆರೆ ಏರಿ ಮೇಲೆ ಒಳದಾರಿ ಇದೆಯಂತಲ್ಲ ಅಜ್ಜ?" ಎಂದು ರಂಜನಾಳ ಗಂಡ ಅಭಿರಾಮ ಕೇಳಿದ.

ಮುದುಕರ ನಗು ಅಲ್ಲಿಗೇ ನಿಂತಿತು. ಚಿಮಣಿ ದೀಪ ಹಚ್ಚಿ ಹಲಗೆಯ ಮೇಲಿಟ್ಟರು. ರಂಜನಾ ಅವರ ಮುಖವನ್ನೇ ನೋಡುತ್ತಿದ್ದಳು. ಹೆದರಿದ ಮುಖವಲ್ಲ ಅದು, ಸಿಟ್ಟಿನ ಮುಖ ಎನಿಸಿತು ಅವಳಿಗೆ.

"ಏರಿ ದಾರೀನಾ... ಕೂತ್ಕೊಳ್ಳಿ, ಮಳೆ ಈಗ ಬಿಡೋ ಹಂಗಿಲ್ಲ. ಹೇಳ್ತೀನಿ, ಆಮೇಲೆ ಹೋಗೋದು ಬಿಡೋದು ನಿಮಗೆ ಬಿಟ್ಟಿದ್ದು.

"ನಾಗೇಶ, ದಿಲೀಪ ಅಂತ ಇಬ್ರು ಹುಡುಗ್ರು ಇದ್ರು. ನಾಗೇಶನ ತಾಯಿ ಸಾವಿತ್ರಮ್ಮ, ಗಂಡ ಹೋಗಿ ಎಷ್ಟೋ ವರ್ಷ ಆಗಿತ್ತು, ಏರಿಗೆ ಇಳಿಯೋ ದಾರಿ ಬದಿಗೇ ಅವ್ರ ಮನೆ. ದಿಲೀಪ ತಿಮ್ಮಪ್ಪನವ್ರ ಮಗ, ಮೇಲೆ ಗುಡ್ಡದ ತಲೇಲಿ ಕಾಫಿ ತೋಟ, ಮನೆ. ಮನೆ ಎರಡು ಅನ್ನೋದು ಹೆಸ್ರಿಗೆ ಮಾತ್ರ, ದಿಲೀಪ ಉಂಡು ಬೆಳೆದಿದ್ದೆಲ್ಲ ಸಾವಿತ್ರಮ್ಮನ ಅಡುಗೆಮನೇಲೇ. ಇಬ್ರಿಗೂ ಸೈಕಲ್ ಹುಚ್ಚು ಅಂದ್ರೆ ಅಷ್ಟಿಷ್ಟಲ್ಲ ಮಾರಾಯ್ರೆ, ಈ ಸುತ್ತಿನ ಎಸ್ಟೇಟ್ ರಸ್ತೆ ಒಂದನ್ನೂ ಬಿಟ್ಟೋರಲ್ಲ, ಬಣಕಲ್ ಹತ್ತಿ, ಜಾವಳಿ ಮುಟ್ಟಿ, ಮೈಯೆಲ್ಲ ಕೆಸರು ಮಾಡ್ಕೊಂಡು ವಾಪಸ್ ಬಂದು ಇಲ್ಲೇ, ನೀವು ಕೂತಲ್ಲೇ ಕೂತ್ಕೊಂಡು ಬನ್ ತಿನ್ನೋರು.

"ನಮ್ಮ ಕಡೆ ಒಂದು ಪದ್ಧತಿ ಉಂಟು. ಕಾಡಲ್ಲೋ ತೋಟದಲ್ಲೋ ಹೋಗೋವಾಗ ಕವಲು ದಾರಿ ಸಿಕ್ಕಿದ್ರೆ, ಮುಂದೆ ಹೋದೋನು ತಾನು ಹೋಗದೆ ಇರೋ ದಾರಿಗೆ ಒಂದು ಹಸಿ ಸೊಪ್ಪಿನ ಕೊಂಬೆ ಮುರ್ದು ಅಡ್ಡ ಹಾಕ್ತಾನೆ. ಹಿಂದೆ ಬರೋನು ನೋಡ್ತಾನೆ, ಆ ದಾರಿಗೆ ಕಾಲಿಡಲ್ಲ. ಕೂಗೋದಿಲ್ಲ, ಕೇಳೋದಿಲ್ಲ. ನಂಬಿಕೆ ಅಷ್ಟೇ. ಸೊಪ್ಪು ತಪ್ಪು ಹಾಕೋ ಮನುಷ್ಯನ್ನ ನಾನು ನನ್ನ ಅಪ್ಪನ ಕಾಲದಲ್ಲೂ ಕೇಳಿರ್ಲಿಲ್ಲ...

"ತೊಂಬತ್ತಾರನೇ ಇಸವಿ. ಇಲ್ಲಿನ ಹುಡುಗರ ಸಂಘದೋರು ಕೆರೆ ಸುತ್ತ ರೇಸ್ ಇಟ್ರು. ಗೆದ್ದೋನೊಬ್ಬ ದಸರಾಕ್ಕೆ ಮೈಸೂರಿಗೆ ಹೋಗಿ ಅಲ್ಲಿನ ರೇಸಲ್ಲಿ ಓಡಿಸ್ಬಹುದು. ಒಬ್ನೇ! ಅಲ್ಲೀವರೆಗೆ ಅವರಿಬ್ರಲ್ಲಿ ಒಬ್ಬನಿಗೆ ಮಾತ್ರ ಸಿಗೋವಂಥದ್ದು ಯಾವ್ದೂ ಬಂದಿರ್ಲಿಲ್ಲ ನೋಡಿ. ಹಿಂದಿನ ದಿನ ಕೆರೆಯಾಚೆ ಎಸ್ಟೇಟ್ ಒಳಗೆ ಸುಣ್ಣದಲ್ಲಿ ಬಾಣದ ಗುರುತು ಹಾಕೋಕೆ ಹೋದೋರ ಜತೆ ದಿಲೀಪನೂ ಹೋಗಿದ್ದ. ತೂಬಿನ ಹತ್ರ ಏರಿ ಒಡ್ದು, ಕೆರೆ ನೀರು ದಾರಿ ಮೇಲೇ ನುಗ್ತಿರೋದನ್ನ ಕಣ್ಣಾರೆ ನೋಡಿದ್ದ. ಅದಕ್ಕೇ ರೇಸನ್ನ ಮೇಲಿನ ರಸ್ತೆಗೆ ತಿರುಗ್ಸಿದ್ರು, ನಾಗೇಶನಿಗೆ ಅದು ಗೊತ್ತಿರ್ಲಿಲ್ಲ. ರಾತ್ರಿ ಸುರಿದ ಮಳೆಗೆ ಸುಣ್ಣ ಎಲ್ಲ ತೊಳ್ದು ಹೋಯ್ತು. ಬೆಳಿಗ್ಗೆ ಹೊರಡೋವಾಗ ನಾಗೇಶ ಹೇಳಿದ್ದು ನಾನೇ ಕೇಳಿದೀನಿ, 'ಗುರುತು ಹೋಗಿದೆಯಂತೆ ಮಾರಾಯ, ನೀನು ಮುಂದಾದ್ರೆ ಸೊಪ್ಪು ಹಾಕು' ಅಂತ. ದಿಲೀಪ 'ಹೂಂ' ಅಂದ.

"ಅವರಿಬ್ರೂ ಎಲ್ಲರನ್ನೂ ಬಿಟ್ಟು ಮುಂದೆ ಹೋದ್ರು. ಉಳಿದೋರ ಹಿಂದೆ ಜೀಪು, ಜೀಪಲ್ಲಿ ಪಂಪು ಹಿಡ್ಕೊಂಡು ನಾನು. ಮಂಜು ಅಂದ್ರೆ ಮಂಜು, ಮುಂದಿನ ಚಕ್ರ ಕಾಣದಷ್ಟು. ಕವಲಿಗೆ ಬಂದ್ವಿ, ಉಳಿದ ಹುಡುಗ್ರೆಲ್ಲ ಯಾವ ಕಡೆ ಅಂತ ಗೊತ್ತಾಗ್ದೆ ಅಲ್ಲೇ ನಿಂತಿದ್ರು. ನೋಡ್ತೀನಿ... ಮೇಲಿನ ರಸ್ತೆಗೆ, ಸರಿ ರಸ್ತೆಗೆ, ಅತ್ತಿಕೊಂಬೆ ಅಡ್ಡ ಬಿದ್ದಿದೆ! ಡ್ರೈವರಿಗೆ ರಸ್ತೆ ಗೊತ್ತಿತ್ತು, ಇಳಿದು, ಯಾರೋ ಸೌದೆಯೋರು ಕಡ್ದಿದ್ದು ಅಂತ ಬದಿಗೆ ಎಸ್ದ. ಎಲ್ಲ ಮೇಲಿನ ದಾರೀಲೇ ಹೋದ್ವಿ. ದಿಲೀಪ ಗೆದ್ದ. ನಾಗೇಶ ಬರ್ಲೇ ಇಲ್ಲ. 'ಪಂಕ್ಚರ್ ಆಗಿರ್ಬೇಕು, ಮನೆಗೆ ಹೋಗಿರ್ತಾನೆ' ಅಂದ, ಹಾರ ಹಾಕ್ಕೊಂಡು ನಿಂತೋನು... ಹುಡುಕೋಕೆ ಹೊರಟಾಗ ಮಧ್ಯಾಹ್ನ ಕಳೆದಿತ್ತು. ಸೈಕಲ್ಲು ತೂಬಿನ ಬಾಯಲ್ಲಿ ಸಿಕ್ಕಿತ್ತು. ಹುಡುಗ ಮಾರನೇ ದಿನ ಸಿಕ್ಕಿದ."

ಗುರುವಯ್ಯನವರು ಬೋಗುಣಿಯಿಂದ ಕೈ ತೆಗೆದು ಲುಂಗಿಗೆ ಒರೆಸಿಕೊಂಡರು. ರಂಜನಾಳಿಗೆ ತಡೆಯಲಾಗಲಿಲ್ಲ. "ಅವರಮ್ಮನಿಗೆ ಯಾರೂ ಹೇಳಲಿಲ್ವಾ ಅಜ್ಜ?"

"ಹೇಳ್ದೆ ಇರ್ತೀನಾ? ಎಲ್ಲರೆದುರೂ ದಿಲೀಪನ್ನ ಕೇಳ್ದೆ, ಆ ಕೊಂಬೆ ಯಾರು ಹಾಕಿದ್ದು ಅಂತ. ಅವ್ನು ಸಾವಿತ್ರಮ್ಮನ ಪಾದ ಹಿಡ್ಕೊಂಡು ಹೇಳಿದ, 'ಏರಿ ದಾರಿಗೇ ಹಾಕಿದ್ದೆ ಅಮ್ಮ, ನಾಗೇಶ ದಾಟ್ಕೊಂಡು ಹೋಗಿದಾನೆ' ಅಂತ. ಆ ತಾಯಿ ನನ್ನ ಮುಖ ನೋಡಿ, 'ನನ್ನ ಕೈತುತ್ತು ಉಂಡ ಹುಡುಗ, ಸುಳ್ಳು ಹೇಳಲ್ಲ, ನೀವು ಎದ್ದು ಹೋಗಿ ಗುರುವಯ್ಯ' ಅಂದ್ರು. ನೋಡಿ, ನಾಗೇಶನ ಪ್ರಾಣ ಹೋಗಿದ್ದು ಒಂದು. ಅದರ ಮೇಲೆ ಹೆಸ್ರೂ ಹೋಯ್ತು. ದಿನಾ ಸಾಯಂಕಾಲ ಮಗನ ಫೋಟೋಕ್ಕೆ ದೀಪ ಹಚ್ಚೋದು, ಹಚ್ಚಿ ಬೈಯೋದು, 'ಸ್ನೇಹಿತ ಹಾಕಿದ ಸೊಪ್ಪನ್ನ ದಾಟಿದ್ಯಲ್ಲೋ, ನಿನ್ನ ಕೊಬ್ಬೇ ನಿನ್ನ ತಿಂತಲ್ಲೋ' ಅಂತ. ಸತ್ತೋನಿಗೆ ಅದನ್ನ ಕೇಳಿಸ್ಕೊಂಡು ಸುಮ್ನಿರೋಕಾಗುತ್ತಾ? ನೀವೇ ಹೇಳಿ, ನಿಮಗಾಗಿದ್ರೆ ಸುಮ್ನಿರ್ತಿದ್ರಾ?

"ದಿಲೀಪ ಮೈಸೂರಿಗೆ ಹೊರಟ ಬೆಳಿಗ್ಗೆ ಅದು ಶುರುವಾಯ್ತು. ಅವರ ತೋಟದ ಗೇಟಿನ ಹೊರಗೆ ಎರಡು ದಾರಿ. ಒಂದು ಊರಿಗೆ, ಇನ್ನೊಂದು ಕೆರೆಗೆ. ಊರಿನ ದಾರಿಗೆ ಅತ್ತಿಕೊಂಬೆ ಅಡ್ಡ ಬಿದ್ದಿತ್ತು, ಮುರಿದ ಕಡೆ ಇನ್ನೂ ಹಾಲು ಸುರೀತಿತ್ತು. ಅವರ ಗುಡ್ಡದಲ್ಲಿ ಅತ್ತಿಮರ ಇಲ್ಲ ಮಾರಾಯ್ರೆ, ಇರೋದು ಕೆಳಗೆ ತೂಬಿನ ಹತ್ರ ಒಂದೇ. ದಾಟಿದ ಇವ್ನು. ಮಂಜಲ್ಲಿ ಸೈಕಲ್ ತುಳಿದ, ತುಳಿದ, ಮೂಡಿಗೆರೆ ಏರು ಬರ್ಬೇಕಾದಲ್ಲಿ ಇಳಿಜಾರು ಬಂತು. ಬ್ರೇಕ್ ಹಾಕಿದ್ರೆ ಮುಂದಿನ ಚಕ್ರ ನೀರಲ್ಲಿ! ಒಡೆದ ಏರಿ... ಅದೇ ಜಾಗ. ತಳ್ಕೊಂಡು ವಾಪಸ್ ಬಂದೋನು ಜ್ವರ ಬಂದು ಮಲಗಿದ. ಆಮೇಲೆ ಯಾವತ್ತು ಹೊರಟ್ರೂ ಅದೇ. ಜೀಪಲ್ಲಿ ಕೂರಿಸ್ಕೊಂಡು ಹೋದ ತಿಮ್ಮಪ್ಪನವ್ರೂ ಏರಿ ಹತ್ರವೇ ಬಂದು ನಿಂತ್ರು. ಗೇಟಿಗೆ ಆಳು ಕಾವಲಿಟ್ರು, ಯಾರೂ ಕಾಣ್ಲಿಲ್ಲ. ಬೆಳಗಾದ್ರೆ ಸೊಪ್ಪು. ಕೆರೆ ದಾರಿ ಮಾತ್ರ ಯಾವಾಗ್ಲೂ ಖಾಲಿ.

"ಕೊನೆಗೆ ನನ್ನ ಕರೆಸಿ ಎಲ್ಲ ಬಾಯಿಬಿಟ್ಟ. 'ನೀರು ಕಂಡ್ರೆ ತಿರುಗಿ ಬರ್ತಾನೆ, ಅಷ್ಟರಲ್ಲಿ ನಾನು ಗೆದ್ದಿರ್ತೀನಿ ಅಂದ್ಕೊಂಡೆ ಗುರುವಯ್ಯ, ನಾಗೇಶ ಸಾಯೋಕೆ ಕರೀತಿದಾನೆ' ಅಂತ ಅತ್ತ. ನನಗೆ ಮೈಯೆಲ್ಲ ಉರೀತು. ಮಂಜಲ್ಲಿ ನೀರು ಕಾಣುತ್ತೇನೋ? ಆದ್ರೂ ಹೇಳ್ದೆ, 'ಸಾಯೋಕಲ್ಲ ಕಣೋ ಪೆದ್ದ, ಕೆರೆ ದಾರೀಲಿ ಮೊದಲು ಸಿಗೋದು ಯಾರ ಮನೆ? ಅಲ್ಲಿಗೆ ಕಳಿಸ್ತಿದಾನೆ ನಿನ್ನ. ಹೋಗಿ ಆ ತಾಯಿಗೆ ನಿಜ ಹೇಳು, ಅವನ ಹೆಸ್ರು ಅವನಿಗೆ ವಾಪಸ್ ಕೊಡು' ಅಂತ.

"ಹೋದ. ಒಂದ್ಸಲ ಹೋದ. ಸಾವಿತ್ರಮ್ಮ ಮುಖ ಅರಳಿಸ್ಕೊಂಡು 'ಬಾ ಮಗ' ಅಂದ್ರು, ಕಾಫಿ ಕೊಟ್ರು, ತಲೆ ಸವರಿ, 'ನಿನ್ನ ಮಾತು ಕೇಳಿದ್ರೆ ಅವ್ನೂ ಇರ್ತಿದ್ದ' ಅಂದ್ರು. ಇವ್ನು ಕಾಫಿ ಕುಡಿದು... ಎದ್ದು ಬಂದ. ಅಷ್ಟೇ. ಅಷ್ಟು ವರ್ಷ ಆ ದಾರಿ ತೆರೆದೇ ಇತ್ತು, ಇನ್ನೊಂದ್ಸಲ ಇಳೀಲಿಲ್ಲ ಪುಣ್ಯಾತ್ಮ. ಹೋದ ತಿಂಗಳು ಸಾವಿತ್ರಮ್ಮ ತೀರ್ಕೊಂಡ್ರು. ಮಗನ್ನ ಬೈಕೊಂಡೇ ಹೋದ್ರು. ಅವತ್ತಿಂದ ಗೇಟಿನ ಹೊರಗೆ ಸೊಪ್ಪು ಬೀಳೋದು ನಿಂತಿದೆ."

ರಂಜನಾ ಹೆಲ್ಮೆಟ್ಟು ಎತ್ತಿಕೊಂಡಳು. "ಹಾಗಾದ್ರೆ ಮುಗೀತಲ್ಲ ಅಜ್ಜ. ನಾಗೇಶ ಬಿಟ್ಟುಬಿಟ್ಟ."

ಮುದುಕರು ಚಕ್ರವನ್ನು ಸೈಕಲ್ಲಿಗೆ ಕೂರಿಸಿ ನಟ್ಟು ಬಿಗಿದರು. ಒಮ್ಮೆ ತಿರುಗಿಸಿ ನೋಡಿ, ಸೈಕಲ್ಲನ್ನು ಅವಳ ಕೈಗೆ ಕೊಟ್ಟರು.

"ಗೇಟಿನ ಹೊರಗೆ ಅಂದೆ ಕಣಮ್ಮ. ಈಗ ದಿಲೀಪನ ಮನೆ ಒಳಗೆ ಬೀಳ್ತಿದೆ. ಮೊದಲು ಹೆಬ್ಬಾಗಿಲಿಗೆ, ಒಳಗಡೆಯಿಂದ. ಆಮೇಲೆ ದೇವರ ಕೋಣೆಗೆ. ಇವತ್ತು ಬೆಳಿಗ್ಗೆ ನಾನು ನೋಡ್ಕೊಂಡು ಬರೋಕೆ ಹೋಗಿದ್ದೆ, ಅಡುಗೆಮನೆ ಹೊಸಿಲ ಮೇಲೂ ಇತ್ತು, ಹಾಲು ಇನ್ನೂ ಆರಿರ್ಲಿಲ್ಲ... ನೀವು ಹೋಗಿ, ಏರಿ ಮೇಲೇ ಹೋಗಿ, ರಿಪೇರಿ ಆಗಿದೆ, ನಿಮಗೆ ಎಂತದೂ ಮಾಡಲ್ಲ ನಾಗೇಶ. ದಿಲೀಪನ ಹಿತ್ತಲ ಬಾಗಿಲು ಒಂದಕ್ಕೆ ಸೊಪ್ಪು ಬಿದ್ದಿಲ್ಲ ಇನ್ನೂ. ಅದನ್ನ ತೆಗೆದ್ರೆ ನೇರ ಕೆರೆಗೇ ಇಳಿಯೋ ದಾರಿ... ಆ ದಾರೀಲಿ ಮಧ್ಯೆ ಯಾರ ಮನೇನೂ ಇಲ್ಲ."